ಪಿಂಚಣಿಗೆ ಬೀಗ ಬೇಡ, ಲೆಕ್ಕ ತೋರಿಸಿ

ಮಾನ್ಯ ಸಂಪಾದಕರೇ,

ಖಾಸಗಿ ವಲಯದ ಕಾರ್ಮಿಕರ ಪಿಂಚಣಿಯ ಮಾತು ಬಂದಾಗಲೆಲ್ಲ ಚರ್ಚೆ ಕನಿಷ್ಠ ಮೊತ್ತ ಈಗಿನ ಸಾವಿರವೋ, ಕಾರ್ಮಿಕರು ಕೇಳುವ ಏಳೂವರೆ ಸಾವಿರವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಬೇಡಿಕೆ ನ್ಯಾಯವಾದದ್ದು, ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಆದರೆ ಪಿಂಚಣಿಯೇ ಬಾರದಂತೆ ಆಗುವ ಕಾರ್ಮಿಕರ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಹದಿನೈದು, ಹದಿನೇಳು ವರ್ಷ ದುಡಿದು, ಪ್ರತಿ ತಿಂಗಳೂ ಪಿಂಚಣಿ ನಿಧಿಗೆ ಹಣ ಸಂದಾಯವಾಗಿದ್ದರೂ ಐವತ್ತೆಂಟಕ್ಕೆ ಬರಿಗೈಯಲ್ಲಿ ನಿಲ್ಲುವವರು ಇದ್ದಾರೆ. ಅವರ ಪಿಂಚಣಿ ಕೈತಪ್ಪಿದ್ದು ಎಷ್ಟೋ ವರ್ಷ ಹಿಂದೆ, ಕೆಲಸ ಬಿಟ್ಟ ಮೇಲೆ ಸೈಬರ್ ಸೆಂಟರಿನಲ್ಲಿ ಕುಳಿತು ಪಿಎಫ್ (ಭವಿಷ್ಯ ನಿಧಿ) ಅರ್ಜಿಯ ಜೊತೆಗೆ ಪಿಂಚಣಿಯ ಹಣ ವಾಪಸ್ ಕೇಳುವ 10-ಸಿ ಅರ್ಜಿಯನ್ನೂ ಸಲ್ಲಿಸಿದ ದಿನ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95, ಹೇಗೆ ನಡೆಯುತ್ತದೆ ಎಂಬುದನ್ನು ಸಂಬಳದ ಚೀಟಿ ಹೇಳುವುದಿಲ್ಲ. ಚೀಟಿಯಲ್ಲಿ ಕಾಣುವುದು ಕಾರ್ಮಿಕನ ಮೂಲ ವೇತನ ಮತ್ತು ತುಟ್ಟಿಭತ್ಯೆಯಿಂದ ಕಡಿತವಾದ ಶೇ 12 ಮಾತ್ರ. ಮಾಲೀಕರು ಅಷ್ಟೇ ಮೊತ್ತ ಕಟ್ಟುತ್ತಾರೆ. ಅದರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ ಶೇ 3.67 ಮಾತ್ರ ಪಿಎಫ್ ಖಾತೆಗೆ ಸೇರುತ್ತದೆ. ಕೇಂದ್ರ ಸರ್ಕಾರ ತನ್ನ ಪಾಲಾಗಿ ಶೇ 1.16 ಹಾಕುತ್ತದೆ. ಇದೆಲ್ಲ 15,000 ರೂಪಾಯಿ ವೇತನದ ಮಿತಿಯೊಳಗೆ. ಹಾಗಾಗಿ ಪಿಂಚಣಿಗೆ ಹೋಗುವ ಮಾಲೀಕರ ಪಾಲು ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ.

ಪಿಎಫ್ ಪಾಸ್‌ಬುಕ್ ತೆರೆದರೆ ಮೂರು ಕಾಲಂ ಇರುತ್ತವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ವಂತಿಗೆ. ಮೊದಲೆರಡಕ್ಕೆ ವರ್ಷಕ್ಕೊಮ್ಮೆ ಬಡ್ಡಿ ಸೇರುತ್ತದೆ. ಮೂರನೆಯದಕ್ಕೆ ಬಡ್ಡಿಯ ಸಾಲೇ ಇಲ್ಲ. ಅನರ್ಥಕ್ಕೆಲ್ಲ ಮೂಲ ಇಲ್ಲಿದೆ. ಬಡ್ಡಿ ಬಾರದ ದುಡ್ಡು ಸುಮ್ಮನೆ ಕೊಳೆಯುತ್ತಿದೆ, ಮೊದಲು ಅದನ್ನು ತೆಗೆದುಬಿಡೋಣ ಎಂದು ಕಾರ್ಮಿಕ ಎಣಿಸುತ್ತಾನೆ. ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಕೊಡುವವನೂ ಅದನ್ನೇ ಹೇಳುತ್ತಾನೆ. ನಿಜದಲ್ಲಿ ಆ ಮೂರನೇ ಕಾಲಂ ಉಳಿತಾಯದ ಲೆಕ್ಕವೇ ಅಲ್ಲ. ಆ ಹಣ ಎಲ್ಲರಿಗೂ ಸೇರಿದ ಒಂದೇ ನಿಧಿಗೆ ಹೋಗುತ್ತದೆ, ಅದಕ್ಕೆ ಬದಲಾಗಿ ಕಾರ್ಮಿಕನ ಹೆಸರಿನಲ್ಲಿ ಜಮೆಯಾಗುವುದು ಸೇವಾ ಅವಧಿ. ವರ್ಷಗಳನ್ನು ಕೂಡಿಡುವ ಕಾಲಂ ಅದು.

ವರ್ಷಕ್ಕೆ ಯಾಕೆ ಅಷ್ಟು ಬೆಲೆ ಎಂಬುದು ಸೂತ್ರ ನೋಡಿದರೆ ತಿಳಿಯುತ್ತದೆ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಪಿಂಚಣಿಗೆ ಪರಿಗಣಿಸುವ ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನ ಎಂದರೆ ಕೆಲಸ ಬಿಡುವ ಮುಂಚಿನ 60 ತಿಂಗಳ ಸರಾಸರಿ. 2014ರ ಸೆಪ್ಟೆಂಬರ್‌ಗೆ ಮೊದಲು ಇದು 12 ತಿಂಗಳ ಸರಾಸರಿಯಾಗಿತ್ತು. ಸೇವೆ ಎಂದರೆ ಬೇರೆ ಬೇರೆ ಕಂಪನಿಗಳಲ್ಲಿ ದುಡಿದ ಅವಧಿಯೆಲ್ಲ ಸೇರಿದ್ದು. 15,000 ವೇತನಕ್ಕೆ 20 ವರ್ಷವಾದರೆ 4,286 ರೂಪಾಯಿ. 20 ವರ್ಷ ಪೂರೈಸಿ 58ಕ್ಕೆ ನಿವೃತ್ತರಾದವರಿಗೆ 2 ವರ್ಷ ಹೆಚ್ಚುವರಿಯಾಗಿ ಸೇರುವುದರಿಂದ ಅದು 4,714 ಆಗುತ್ತದೆ. ಆಜೀವ ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕೆ ಮೀರಿದ ಭಾಗವನ್ನು ಒಂದು ವರ್ಷ ಎಂದು ಎಣಿಸುವುದರಿಂದ 9 ವರ್ಷ 6 ತಿಂಗಳಾಗಿದ್ದರೂ ಸಾಕು. 9 ವರ್ಷ 4 ತಿಂಗಳಿಗೆ ರಾಜೀನಾಮೆ ಬರೆದುಕೊಡುವ ಹೆಣ್ಣುಮಗಳಿಗೆ ಇನ್ನೆರಡು ತಿಂಗಳು ತಡೆದುಕೊಳ್ಳಮ್ಮ ಎಂದು ಹೇಳುವವರು ಕಾರ್ಖಾನೆಯ ಕಚೇರಿಯಲ್ಲಿ ಒಬ್ಬರಾದರೂ ಇರಬೇಕು.

ಈಗ 10-ಸಿ ಏನು ಮಾಡುತ್ತದೆ ನೋಡಿ. 10 ವರ್ಷ ತುಂಬದೆ ಕೆಲಸ ಬಿಟ್ಟವರಿಗೆ ಈ ಅರ್ಜಿಯಲ್ಲಿ ಎರಡು ದಾರಿ ಇವೆ. ಒಂದು, ಹಣ ವಾಪಸ್ ಪಡೆಯುವುದು. ಇನ್ನೊಂದು, ಸ್ಕೀಮ್ ಸರ್ಟಿಫಿಕೇಟ್ ಪಡೆದು ಸೇವೆಯನ್ನು ಉಳಿಸಿಕೊಳ್ಳುವುದು. ಹಣ ವಾಪಸ್ ಕೇಳಿದರೆ ಕಟ್ಟಿದ್ದೆಲ್ಲ ಲೆಕ್ಕ ಹಾಕಿ ಕೊಡುವುದಿಲ್ಲ, ಯೋಜನೆಯ 'ಡಿ' ಕೋಷ್ಟಕದ ಪ್ರಕಾರ ಕೊಡುತ್ತಾರೆ. 5 ವರ್ಷಕ್ಕೆ ಕೊನೆಯ ವೇತನದ 5.02 ಪಟ್ಟು, 8 ವರ್ಷಕ್ಕೆ 8.22 ಪಟ್ಟು, 9 ವರ್ಷಕ್ಕೆ 9.33 ಪಟ್ಟು. ವರ್ಷಕ್ಕೆ ಒಂದು ತಿಂಗಳ ಸಂಬಳ ಎಂದಿಟ್ಟುಕೊಂಡರೆ ಹೆಚ್ಚೇನೂ ತಪ್ಪಾಗದು.

ಒಂದು ಲೆಕ್ಕ ಹಾಕೋಣ. ಗಾರ್ಮೆಂಟ್ಸ್‌ನಲ್ಲಿ 2014ರ ಸೆಪ್ಟೆಂಬರ್ ನಂತರ ಸೇರಿ 8 ವರ್ಷ ದುಡಿದ ಹೆಂಗಸು ನಲವತ್ತನೇ ವಯಸ್ಸಿಗೆ ಕೆಲಸ ಬಿಡುತ್ತಾಳೆ. ಆಗ ಆಕೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ 10,000. 10-ಸಿ ಸಲ್ಲಿಸಿ 82,200 ರೂಪಾಯಿ ಪಡೆಯುತ್ತಾಳೆ. ಮೂರು ವರ್ಷ ಬಿಟ್ಟು ಇನ್ನೊಂದು ಕಾರ್ಖಾನೆಗೆ ಸೇರಿ 9 ವರ್ಷ ದುಡಿಯುತ್ತಾಳೆ, ಆ ಅವಧಿಯ ಕೊನೆಯ ಐದು ವರ್ಷ 15,000 ವೇತನ. ಮತ್ತೆ 10 ವರ್ಷ ತುಂಬಲಿಲ್ಲ, ಏಕೆಂದರೆ ಹಿಂದಿನ 8 ವರ್ಷ ಅಳಿಸಿಹೋಗಿದೆ. ಮತ್ತೆ 10-ಸಿ, ಈ ಸಲ 1,39,950. ಎರಡೂ ಸೇರಿ 2,22,150 ರೂಪಾಯಿ. ಇದೇ ಹೆಂಗಸು ಮೊದಲ ಸಲ ಸರ್ಟಿಫಿಕೇಟ್ ಪಡೆದಿದ್ದರೆ ಸೇವೆ 17 ವರ್ಷ ಆಗುತ್ತಿತ್ತು. 15,000ವನ್ನು 17ರಿಂದ ಗುಣಿಸಿ 70ರಿಂದ ಭಾಗಿಸಿ: ತಿಂಗಳಿಗೆ 3,643 ರೂಪಾಯಿ, ವರ್ಷಕ್ಕೆ 43,716. ಐದು ವರ್ಷ ಒಂದು ತಿಂಗಳು ಪಿಂಚಣಿ ಪಡೆಯುವಷ್ಟರಲ್ಲಿ ಆ ಎರಡೂ ಮೊತ್ತ ತೀರಿಹೋಗುತ್ತವೆ. 58ರಿಂದ 63. ಅಲ್ಲಿಂದ ಮುಂದೆ ಬದುಕಿರುವಷ್ಟು ಕಾಲ ಬರುವುದೆಲ್ಲ ಆಕೆ ಕಳೆದುಕೊಂಡದ್ದು. ಆಕೆಯ ನಂತರ ಗಂಡನಿಗೆ ಸಿಗಬೇಕಿದ್ದ ಅರ್ಧ ಪಿಂಚಣಿಯೂ ಹೋಯಿತು.

ಗಮನಿಸಬೇಕಾದ ಇನ್ನೊಂದು ಸಂಗತಿ ಈ ಲೆಕ್ಕದೊಳಗೇ ಇದೆ. 10,000 ಸಂಬಳದಲ್ಲಿ ದುಡಿದ ಮೊದಲ 8 ವರ್ಷಗಳೂ ಕೊನೆಗೆ ಗುಣಿಸಲ್ಪಡುವುದು 15,000ದಿಂದ. ಹಳೆಯ ವರ್ಷಕ್ಕೆ ಹೊಸ ಸಂಬಳದ ಬೆಲೆ. ವಾಪಸ್ ಪಡೆದರೆ ಹಳೆಯ ವರ್ಷಕ್ಕೆ ಹಳೆಯ ಬೆಲೆಯೇ.

ಆ 82,200 ರೂಪಾಯಿಯನ್ನು ಮುಟ್ಟದೆ 18 ವರ್ಷ ಠೇವಣಿಯಲ್ಲಿಟ್ಟು ಬೆಳೆಸುವವರಿದ್ದರೆ, ಅವರ ಮಟ್ಟಿಗೆ ನನ್ನ ವಾದ ಅಷ್ಟು ಗಟ್ಟಿಯಲ್ಲ, ಒಪ್ಪುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ಎರಡು ವರ್ಷ ದುಡಿದು ಊರಿಗೆ ಮರಳಿ, ಮತ್ತೆಂದೂ ಪಿಎಫ್ ಇರುವ ಕೆಲಸಕ್ಕೆ ಹೋಗದವರಿಗೆ ಹಣ ಪಡೆಯುವುದೇ ಸರಿ. ಆದರೆ ಕೆಲಸ ಬಿಟ್ಟ ಮನೆಯಲ್ಲಿ ದುಡ್ಡು ಉಳಿಯುವುದಿಲ್ಲ. ಬಾಡಿಗೆಯ ಮುಂಗಡಕ್ಕೆ, ಮಗಳ ಕಾಲೇಜಿಗೆ, ಹಳೆಯ ಸಾಲಕ್ಕೆ ಹೋಗುತ್ತದೆ. ಆ ಅಗತ್ಯ ಸುಳ್ಳಲ್ಲ. ಹಾಗಾಗಿಯೇ ನಾನು ಹೇಳುವುದು, ಪ್ರತಿಯೊಬ್ಬರ ಲೆಕ್ಕ ಬೇರೆ, ಆ ಲೆಕ್ಕವನ್ನು ಅವರವರ ಮುಂದೆ ಇಡಿ, ತೀರ್ಮಾನ ಅವರೇ ಮಾಡಲಿ ಎಂದು.

ಸರ್ಕಾರ ಹಿಡಿಯುವ ದಾರಿ ಬೀಗ ಹಾಕುವುದು. 2016ರ ಫೆಬ್ರುವರಿಯಲ್ಲಿ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಅಧಿಸೂಚನೆ ಹೊರಬಿತ್ತು. ಯಾರೂ ಬಂದು ಕಾರಣ ವಿವರಿಸಲಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂಪಡೆಯಿತು. ಅಂದು ಅವರು ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ತಮ್ಮ ದುಡ್ಡನ್ನು ತಮಗೆ ಹೇಳದೆ ಕಟ್ಟಿಹಾಕಿದರೆ ಯಾರಾದರೂ ಸುಮ್ಮನಿರುವರೇ? 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಪಿಂಚಣಿ ಹಣ ವಾಪಸ್ ಪಡೆಯಲು ಕಾಯಬೇಕಾದ ಅವಧಿಯನ್ನು 2 ತಿಂಗಳಿಂದ 36 ತಿಂಗಳಿಗೆ ಏರಿಸಲು ತೀರ್ಮಾನಿಸಿತು. ಸೇವೆ ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ 36 ತಿಂಗಳು ಕಾದವನಿಗೂ ತಾನು ಬಿಟ್ಟುಕೊಡುತ್ತಿರುವುದು ಏನೆಂದು ತಿಳಿಯದಿದ್ದರೆ ಮೂವತ್ತೇಳನೇ ತಿಂಗಳು ಅದೇ ಅರ್ಜಿ ಸಲ್ಲಿಸುತ್ತಾನೆ.

ಬೇಕಿರುವುದು 10-ಸಿ ಅರ್ಜಿ ತುಂಬುವ ಪರದೆಯ ಮೇಲೆ ನಾಲ್ಕು ಸಾಲು, ಕನ್ನಡದಲ್ಲಿ. ನಿಮ್ಮ ಈವರೆಗಿನ ಸೇವೆ ಇಷ್ಟು ವರ್ಷ ಇಷ್ಟು ತಿಂಗಳು. ಈಗ ವಾಪಸ್ ಪಡೆದರೆ ಸಿಗುವುದು ಇಷ್ಟು. ಇನ್ನಿಷ್ಟು ತಿಂಗಳು ದುಡಿದು 10 ವರ್ಷ ಮುಟ್ಟಿದರೆ, ಈಗಿನ ವೇತನದ ಪ್ರಕಾರವೇ 58ಕ್ಕೆ ತಿಂಗಳಿಗೆ ಸಿಗುವುದು ಇಷ್ಟು. ವಾಪಸ್ ಪಡೆದರೆ ಈ ಸೇವೆ ಮತ್ತೆ ಸೇರುವುದಿಲ್ಲ. ಸೇವೆಯ ವಿವರ, ವೇತನ, ಜನ್ಮದಿನಾಂಕ ಮೂರೂ ಯುಎಎನ್ (ಪ್ರತಿ ಪಿಎಫ್ ಸದಸ್ಯರಿಗೆ ಕೊಡುವ ಸಂಖ್ಯೆ) ಖಾತೆಯಲ್ಲಿ ಈಗಾಗಲೇ ಇವೆ, ಗುಣಾಕಾರ ಭಾಗಾಕಾರ ಗಣಕಕ್ಕೆ ಕಷ್ಟವಲ್ಲ. ಆಮೇಲೆ ಕಾರ್ಮಿಕ 'ವಾಪಸ್' ಎಂದು ಒತ್ತಿದರೆ ಒತ್ತಲಿ.

ಅಲ್ಲಿಯವರೆಗೆ ಕಾರ್ಮಿಕರು ತಾವೇ ಮಾಡಿಕೊಳ್ಳಬೇಕಾದ್ದನ್ನು ಬರೆಯುತ್ತೇನೆ. ಹೊಸ ಕೆಲಸ ಸಿಕ್ಕಿದ್ದರೆ ಹಣ ವಾಪಸ್ ಕೇಳದೆ ಫಾರಂ 13ರ ಮೂಲಕ ವರ್ಗಾವಣೆ ಮಾಡಿಸಿಕೊಳ್ಳಿ. ವರ್ಗಾವಣೆಯಲ್ಲಿ ಪಿಎಫ್ ಮೊತ್ತ ಹೊಸ ಖಾತೆಗೆ ಬರುತ್ತದೆ, ಪಿಂಚಣಿ ಕಾಲಂನಲ್ಲಿ ಹಣ ಬಂದಂತೆ ಕಾಣುವುದಿಲ್ಲ. ಗಾಬರಿ ಬೇಡ. ಬರಬೇಕಾದದ್ದು ಸೇವೆಯ ವಿವರ, ಅದು 'ಅನೆಕ್ಸರ್-ಕೆ' ಎಂಬ ಹಾಳೆಯಲ್ಲಿ ಇರುತ್ತದೆ. ಸೇರಿದ ದಿನ, ಬಿಟ್ಟ ದಿನ, ಕಡೆಯ ವೇತನ ಅದರಲ್ಲಿ ಸರಿಯಿವೆಯೇ ನೋಡಿ ಇಟ್ಟುಕೊಳ್ಳಿ. ಕೆಲಸ ಇನ್ನೂ ಸಿಕ್ಕಿಲ್ಲ, ಪಿಎಫ್ ಹಣ ತುರ್ತಾಗಿ ಬೇಕು ಎನ್ನುವವರು ಪಿಎಫ್ ಹಣ ಕೇಳುವ ಫಾರಂ 19 ಸಲ್ಲಿಸಿ, 10-ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಆಯ್ಕೆ ಮಾಡಬಹುದು. ಎರಡು ಅರ್ಜಿ ಬೇರೆ ಬೇರೆ, ಒಂದರ ಜೊತೆ ಇನ್ನೊಂದು ಹೋಗಲೇಬೇಕೆಂದಿಲ್ಲ.

ಹೊಸ ಕಂಪನಿಗೆ ಸೇರುವಾಗ ಕೊಡುವ ಫಾರಂ 11 ಘೋಷಣೆಯನ್ನು ಓದಿಯೇ ಸಹಿ ಮಾಡಿ. ಹಿಂದೆ ಪಿಎಫ್, ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಾ ಎಂದು ಅದರಲ್ಲಿ ಕೇಳಿರುತ್ತದೆ. ಅವಸರದಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಹೊಸ ಯುಎಎನ್ ಹುಟ್ಟುತ್ತದೆ, ಹಳೆಯ ಸೇವೆ ಅನಾಥವಾಗುತ್ತದೆ. ಇನ್ನೂ ದೊಡ್ಡ ನಷ್ಟ ಸಂಬಳ ಹೆಚ್ಚಿರುವವರಿಗೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಸೇರುವವರ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000 ಮೀರಿದ್ದರೆ ಅವರನ್ನು ಪಿಂಚಣಿ ಯೋಜನೆಗೆ ಸೇರಿಸಿಕೊಳ್ಳುವುದಿಲ್ಲ. ಮೊದಲೇ ಸದಸ್ಯರಾಗಿದ್ದು ಸೇವೆ ಉಳಿಸಿಕೊಂಡವರಿಗೆ ಈ ತಡೆ ಇಲ್ಲ. 10-ಸಿ ಮೂಲಕ ಹಣ ಪಡೆದು ಸದಸ್ಯತ್ವ ಕಳೆದುಕೊಂಡವರು 15,000 ಮೀರಿದ ಸಂಬಳಕ್ಕೆ ಮತ್ತೆ ಸೇರಿದರೆ ಬಾಗಿಲು ಮುಚ್ಚಿರುತ್ತದೆ. ತುಟ್ಟಿಭತ್ಯೆ ಏರುತ್ತಾ ನುರಿತ ಕಾರ್ಮಿಕರ ಕನಿಷ್ಠ ವೇತನವೇ ಈ ಗೆರೆ ಮುಟ್ಟುತ್ತಿರುವಾಗ ಗೆರೆ ಮಾತ್ರ 2014ರಲ್ಲಿ ಎಳೆದಲ್ಲೇ ಇರುವುದು ಸರಿಯಲ್ಲ.

ಇನ್ನು ಗುತ್ತಿಗೆ ಕಾರ್ಮಿಕರದ್ದು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್ ಕೆಲಸದವರು ಅದೇ ಗೇಟಿನಲ್ಲಿ, ಅದೇ ಕಟ್ಟಡದಲ್ಲಿ ಹತ್ತು ವರ್ಷ ದುಡಿದಿರುತ್ತಾರೆ, ಅಷ್ಟರಲ್ಲಿ ನಾಲ್ಕು ಗುತ್ತಿಗೆದಾರರು ಬದಲಾಗಿರುತ್ತಾರೆ. ಪ್ರತಿ ಗುತ್ತಿಗೆದಾರನದ್ದು ಬೇರೆ ಪಿಎಫ್ ಕೋಡ್. ಹಳಬ ಹೋಗುವಾಗ ಬಿಟ್ಟ ದಿನಾಂಕ ನಮೂದಿಸುವುದಿಲ್ಲ, ಹೊಸಬ ತನ್ನ ಅನುಕೂಲಕ್ಕೆ ಹೊಸ ಯುಎಎನ್ ಮಾಡಿಸುತ್ತಾನೆ. ಹತ್ತು ವರ್ಷದ ಸೇವೆ ನಾಲ್ಕು ತುಂಡಾಗಿ, ಒಂದೂ ಪಿಂಚಣಿಗೆ ಸಾಲದೆ ಬಿದ್ದಿರುತ್ತದೆ. ಬಿಟ್ಟ ದಿನಾಂಕವನ್ನು ಸದಸ್ಯರೇ ಪೋರ್ಟಲ್‌ನಲ್ಲಿ ನಮೂದಿಸುವ ಅವಕಾಶ 2020ರಿಂದ ಇದೆ. ಕಡೆಯ ವಂತಿಗೆ ಸಂದಾಯವಾಗಿ ಎರಡು ತಿಂಗಳು ಕಳೆದಿರಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಸಾಕು, ಹಳೆಯ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹಾಗೆ ನಮೂದಿಸುವಾಗ ಪಾಸ್‌ಬುಕ್‌ನಲ್ಲಿ ಕಡೆಯ ವಂತಿಗೆ ಬಂದ ತಿಂಗಳು ನೋಡಿಕೊಂಡು ಬರೆಯಿರಿ, ಒಮ್ಮೆ ತಪ್ಪಿದರೆ ತಿದ್ದಲು ಅಲೆದಾಟ ತಪ್ಪದು.

ಮಾಲೀಕರು ಪ್ರತಿ ತಿಂಗಳ 15ರೊಳಗೆ ಸಲ್ಲಿಸುವ ಇಸಿಆರ್ ಎಂಬ ವಂತಿಗೆ ಪಟ್ಟಿಯಲ್ಲಿ 'ಎನ್‌ಸಿಪಿ ದಿನಗಳು' ಎಂಬ ಒಂದು ಪುಟ್ಟ ಕಾಲಂ ಇದೆ. ಸಂಬಳವಿಲ್ಲದ ದಿನಗಳ ಸಂಖ್ಯೆ ಅದು, ಅಷ್ಟು ದಿನ ಪಿಂಚಣಿ ಸೇವೆಯಿಂದ ಕಳೆಯುತ್ತದೆ. ಲೆಕ್ಕಪತ್ರ ಬರೆಯುವವರು ವಾರದ ರಜೆಯನ್ನೂ ಇದಕ್ಕೆ ಸೇರಿಸಿಬಿಡುವುದುಂಟು. ತಿಂಗಳಿಗೆ 4 ದಿನ ಎಂದರೆ ವರ್ಷಕ್ಕೆ 48 ದಿನ, ಹತ್ತು ವರ್ಷಕ್ಕೆ 480 ದಿನ. ಒಂದೂ ಕಾಲು ವರ್ಷಕ್ಕೂ ಹೆಚ್ಚು ಸೇವೆ ಹೀಗೆ ಒಂದು ಕಾಲಂನಲ್ಲಿ ಕರಗಿ, 10 ವರ್ಷದ ಗೆರೆಯ ಮೇಲಿದ್ದವನು ಕೆಳಗೆ ಬೀಳುತ್ತಾನೆ. ಕಾರ್ಮಿಕ ಸಂಘಗಳು ವರ್ಷಕ್ಕೊಮ್ಮೆಯಾದರೂ ಈ ಕಾಲಂ ತೋರಿಸಿ ಎಂದು ಆಡಳಿತವನ್ನು ಕೇಳಬೇಕು.

ಗುತ್ತಿಗೆದಾರ ಸಂಬಳದಲ್ಲಿ ಪಿಎಫ್ ಹಿಡಿದು ಕಟ್ಟದೇ ಓಡಿಹೋದರೆ? ಗುತ್ತಿಗೆ ಕಾರ್ಮಿಕರ ವಂತಿಗೆಗೆ ಮುಖ್ಯ ಮಾಲೀಕರೇ ಹೊಣೆ ಎಂದು ಪಿಎಫ್ ಯೋಜನೆಯ 30ನೇ ಪ್ಯಾರಾ ಹೇಳುತ್ತದೆ. ಪಿಂಚಣಿ ಯೋಜನೆಯ 10ನೇ ಪ್ಯಾರಾದಲ್ಲಿ ಇದಕ್ಕಿಂತ ಬಲವಾದ ಮಾತಿದೆ: ಸೇವೆಯನ್ನು ಎಣಿಸಬೇಕಾದ್ದು ನಿಧಿಗೆ ಬಂದ ಅಥವಾ ಬರಬೇಕಾದ ವಂತಿಗೆಯ ಆಧಾರದ ಮೇಲೆ. ಬರಬೇಕಾದ ಎಂಬ ಆ ಒಂದು ಪದ ಕಾರ್ಮಿಕನ ಕೈಯಲ್ಲಿರುವ ದೊಡ್ಡ ಅಸ್ತ್ರ. ಮಾಲೀಕರು ಕಟ್ಟಿಲ್ಲವಾದರೂ ದುಡಿದದ್ದು ಸಾಬೀತಾದರೆ ಪಿಂಚಣಿಯ ಸೇವೆಗೆ ಸೇರಬೇಕು. ಸಾಬೀತು ಮಾಡಲು ಸಂಬಳದ ಚೀಟಿ, ಗುರುತಿನ ಚೀಟಿ, ನೇಮಕಾತಿ ಪತ್ರ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ ಬೇಕು. ಕೆಲಸ ಬಿಟ್ಟ ದಿನವೇ ಇವನ್ನು ರದ್ದಿಗೆ ಹಾಕಬೇಡಿ. ಬಾಕಿ ಉಳಿಸಿಕೊಂಡ ಮಾಲೀಕರಿಗೆ ಹಾಕುವ ದಂಡವನ್ನು 2024ರ ಜೂನ್‌ನಲ್ಲಿ ತಿಂಗಳಿಗೆ ಶೇ 1ಕ್ಕೆ ಇಳಿಸಿದ್ದು ನನ್ನ ದೃಷ್ಟಿಯಲ್ಲಿ ತಪ್ಪು ನಿರ್ಧಾರ. ಅದಕ್ಕೂ ಮೊದಲು ಬಾಕಿ ಹಳೆಯದಾದಷ್ಟೂ ದಂಡ ಏರುತ್ತಿತ್ತು, ಆ ಹೆದರಿಕೆ ಈಗ ಇಲ್ಲ.

ಹೆಸರು ಮತ್ತು ಜನ್ಮದಿನಾಂಕದ ಗೋಳು ಎಲ್ಲರಿಗೂ ಗೊತ್ತಿರುವುದೇ. ಲಕ್ಷ್ಮಮ್ಮನ ಹೆಸರು ಇಂಗ್ಲಿಷ್‌ನಲ್ಲಿ ಆಧಾರ್‌ನಲ್ಲಿ 'ಕೆ, ಎಸ್, ಎಚ್' ಹಾಕಿ, ಪಿಎಫ್‌ನಲ್ಲಿ 'ಎಕ್ಸ್' ಹಾಕಿ ಬರೆದಿರುತ್ತದೆ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆಧಾರ್ ಮಾಡಿಸುವಾಗ ಜನವರಿ 1 ಎಂದು ಬರೆದಿದ್ದಾರೆ, ವರ್ಷ ಅಂದಾಜಿನದ್ದು. ಆ ಅಂದಾಜು ಎರಡು ವರ್ಷ ಆಚೀಚೆ ಆದರೆ ಪಿಂಚಣಿಯೂ ಎರಡು ವರ್ಷ ಆಚೀಚೆ ಆಗುತ್ತದೆ. 2017ರ ಅಕ್ಟೋಬರ್ ನಂತರ ಆಧಾರ್ ಮೂಲಕವೇ ಯುಎಎನ್ ಪಡೆದವರು ಹೆಸರು, ಜನ್ಮದಿನಾಂಕದಂಥ ವಿವರಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ತಾವೇ ತಿದ್ದಿಕೊಳ್ಳುವ ಅವಕಾಶ 2025ರ ಜನವರಿಯಿಂದ ಇದೆ. ಅದಕ್ಕಿಂತ ಹಳಬರಿಗೆ ಮಾಲೀಕರ ಮೂಲಕ ಜಂಟಿ ಘೋಷಣೆ ಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಆ ಸಹಿಗೆ ಎಲ್ಲಿ ಹೋಗುವುದು? ಕೆಲಸದಲ್ಲಿರುವಾಗಲೇ ಮುಗಿಸಿಕೊಳ್ಳಬೇಕಾದ ಕೆಲಸ ಇದು. ಭವಿಷ್ಯ ನಿಧಿ ಸಂಸ್ಥೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ 'ನಿಧಿ ಆಪ್ಕೇ ನಿಕಟ್' ಶಿಬಿರ ನಡೆಸುತ್ತದೆ. ದಾಖಲೆಗಳ ಜೊತೆ ಅಲ್ಲಿಗೆ ಹೋದರೆ ಅಧಿಕಾರಿಗಳ ಮುಂದೆಯೇ ಕೂರಬಹುದು. ಈ ಶಿಬಿರದ ಹೆಸರನ್ನಾದರೂ ಇಲ್ಲಿ ಕನ್ನಡದಲ್ಲಿ ಇಟ್ಟಿದ್ದರೆ ಇನ್ನಷ್ಟು ಜನರಿಗೆ ಅದು ತಮಗಾಗಿ ಎಂದು ಗೊತ್ತಾಗುತ್ತಿತ್ತು.

ಐವತ್ತೆಂಟು ಮತ್ತು ಅರವತ್ತರ ಗೊಂದಲ ನಮ್ಮ ರಾಜ್ಯದಲ್ಲಿ ಬೇರೆ ಇದೆ. ಖಾಸಗಿ ಕೈಗಾರಿಕೆಗಳ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಷರತ್ತುಗಳ ನಿಯಮಾವಳಿಯಲ್ಲಿ, ನಿವೃತ್ತಿ ವಯಸ್ಸನ್ನು ಕರ್ನಾಟಕ 2017ರಲ್ಲಿ 58ರಿಂದ 60ಕ್ಕೆ ಏರಿಸಿತು. ಪಿಂಚಣಿ ಯೋಜನೆಯ ವಯಸ್ಸು 58ರಲ್ಲೇ ಇದೆ. ಹಾಗಾಗಿ 58 ತುಂಬಿದ ತಿಂಗಳಿಂದ ಶೇ 8.33ನ್ನು ಪಿಂಚಣಿಗೆ ಕಟ್ಟುವುದು ನಿಲ್ಲಬೇಕು, ಮಾಲೀಕರ ಶೇ 12 ಪೂರ್ತಿ ಪಿಎಫ್‌ಗೆ ಹೋಗಬೇಕು. ಕಚೇರಿಯವರು ಹಳೆಯಂತೆಯೇ ಕಟ್ಟುತ್ತಾ ಹೋದರೆ ಮುಂದೆ ಪಿಂಚಣಿ ಕೇಳುವ 10-ಡಿ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲಸದಲ್ಲಿ ಮುಂದುವರಿದಿದ್ದರೂ 58ಕ್ಕೆ ಪಿಂಚಣಿ ಪಡೆಯಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಬೇಡವೆಂದು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4 ಹೆಚ್ಚು ಸಿಗುತ್ತದೆ. ಅದೇ 50 ದಾಟಿದ ಮೇಲೆ ಅವಧಿಗೆ ಮೊದಲೇ ಕೇಳಿದರೆ 58ಕ್ಕೆ ಕಡಿಮೆಯಾದ ಪ್ರತಿ ವರ್ಷಕ್ಕೆ ಶೇ 4 ಕಡಿತ. ಈ ಕಡಿತ 58 ಆದ ಮೇಲೂ ಹೋಗುವುದಿಲ್ಲ, ಜೀವನಪೂರ್ತಿ ಉಳಿಯುತ್ತದೆ.

10-ಡಿ ಜೊತೆಗೆ ಗಂಡ ಹೆಂಡತಿಯ ಜಂಟಿ ಭಾವಚಿತ್ರ, ಬ್ಯಾಂಕ್ ವಿವರ, ಆಧಾರ್, ಇದ್ದರೆ ಹಳೆಯ ಸ್ಕೀಮ್ ಸರ್ಟಿಫಿಕೇಟ್, 25 ವರ್ಷದೊಳಗಿನ ಮಕ್ಕಳ ವಯಸ್ಸಿನ ದಾಖಲೆ ಬೇಕು. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದು, ಊರು ಬದಲಿಸಿದರೆ ಪಿಪಿಒ (ಪಿಂಚಣಿ ಪಾವತಿ ಆದೇಶ) ವರ್ಗಾಯಿಸುವ ತಾಪತ್ರಯ ತಪ್ಪಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಜೀವನ ಪ್ರಮಾಣ ಪತ್ರವನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ನವೆಂಬರ್‌ನಲ್ಲೇ ಸರದಿಯಲ್ಲಿ ನಿಲ್ಲಬೇಕಿಲ್ಲ. ಮೂವತ್ತು ವರ್ಷ ಬಟ್ಟೆ, ಕಲ್ಲು, ಕಬ್ಬಿಣ ಮುಟ್ಟಿ ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಗುರುತಿಸದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಪ್ರಮಾಣ ಪತ್ರ ಸಲ್ಲಿಸಬಹುದು.

ಕುಟುಂಬ ಪಿಂಚಣಿಯ ಒಂದು ನಿಯಮ ಪ್ರತಿ ಕಾರ್ಖಾನೆಯ ಸೂಚನಾ ಫಲಕದಲ್ಲಿ ಇರಬೇಕು. ಕೆಲಸದಲ್ಲಿದ್ದಾಗಲೇ ಕಾರ್ಮಿಕ ತೀರಿಕೊಂಡರೆ 10 ವರ್ಷದ ಷರತ್ತು ಇಲ್ಲ, ಒಂದೇ ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಸಂಗಾತಿಗೆ ಪಿಂಚಣಿ ಬರುತ್ತದೆ. 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ತಲಾ ಅದರ ಶೇ 25. ಸಾವಿನ ಮನೆಯವರು ಪಿಎಫ್ ಮೊತ್ತ ಪಡೆದು ಅಷ್ಟೇ ಎಂದುಕೊಂಡು ಸುಮ್ಮನಾಗುತ್ತಾರೆ. ಫಾರಂ 20 ಪಿಎಫ್‌ಗೆ, 5-ಐಎಫ್ ವಿಮೆಗೆ, 10-ಡಿ ಪಿಂಚಣಿಗೆ. ಮೂರನ್ನೂ ಕೇಳಿ ಪಡೆಯಬೇಕು. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮನಿರ್ದೇಶನ ಮದುವೆಯಾದೊಡನೆ ಅಸಿಂಧುವಾಗುತ್ತದೆ, ಹೊಸದಾಗಿ ಮಾಡಿಸಬೇಕು.

ಈಗ ಕನಿಷ್ಠ ಮೊತ್ತದ ವಿಷಯ. 2014ರ ಸೆಪ್ಟೆಂಬರ್‌ನಲ್ಲಿ 1,000 ರೂಪಾಯಿ ಎಂದು ನಿಗದಿಯಾದದ್ದು ಅಲ್ಲೇ ನಿಂತಿದೆ. ಅದಕ್ಕೂ ಹಿಂದೆ, 2013ರಲ್ಲೇ, ಭಗತ್ ಸಿಂಗ್ ಕೋಶ್ಯಾರಿ ನೇತೃತ್ವದ ರಾಜ್ಯಸಭೆಯ ಸಮಿತಿ 3,000 ಕೊಡಿ ಎಂದು ಶಿಫಾರಸು ಮಾಡಿತ್ತು. ಇಪಿಎಸ್ ಪಿಂಚಣಿಗೆ ತುಟ್ಟಿಭತ್ಯೆ ಎಂಬುದೇ ಇಲ್ಲ. 58ಕ್ಕೆ ನಿಗದಿಯಾದ ಅಂಕಿ 78ಕ್ಕೂ ಅದೇ. ಇಪ್ಪತ್ತು ವರ್ಷ ದುಡಿದವರಿಗೂ ಮೊತ್ತ ಏಕೆ ಇಷ್ಟು ಸಣ್ಣದು ಎಂದು ಕೇಳುವವರಿಗೆ ಉತ್ತರ ವೇತನ ಮಿತಿಯಲ್ಲಿದೆ. 2014ರ ಆಗಸ್ಟ್‌ವರೆಗಿನ ಸೇವೆಯನ್ನು 6,500 ರೂಪಾಯಿ ಮಿತಿಯಲ್ಲಿ, ನಂತರದ್ದನ್ನು 15,000ದ ಮಿತಿಯಲ್ಲಿ ಬೇರೆ ಬೇರೆಯಾಗಿ ಗುಣಿಸುತ್ತಾರೆ. 1999ರ ಸೆಪ್ಟೆಂಬರ್‌ನಿಂದ 2019ರ ಆಗಸ್ಟ್‌ವರೆಗೆ ದುಡಿದವರ ಮೊದಲ 15 ವರ್ಷಕ್ಕೆ ಸಿಗುವುದು 1,393, ಕೊನೆಯ 5 ವರ್ಷಕ್ಕೆ 1,071. ಹೆಚ್ಚುವರಿ ಎರಡು ವರ್ಷದ ಲೆಕ್ಕ ಬಿಟ್ಟರೆ ಒಟ್ಟು 2,464. ಪೂರ್ತಿ 15,000ದಲ್ಲಿ ಲೆಕ್ಕ ಹಾಕಿದ್ದರೆ 4,286.

ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು. 10 ವರ್ಷ ಸೇವೆ ಮಾಡಿದವರಿಗೆ ಅದರಲ್ಲಿ ಕನಿಷ್ಠ 10,000 ರೂಪಾಯಿ ಖಾತರಿ, ಮೇಲೆ ತುಟ್ಟಿ ಪರಿಹಾರ. ಸರ್ಕಾರದ ಪಾಲು ಶೇ 18.5. ಅದೇ 10 ವರ್ಷ ಕಾರ್ಖಾನೆಯಲ್ಲಿ ದುಡಿದವರಿಗೆ ಖಾತರಿ 1,000, ಸರ್ಕಾರದ ಪಾಲು ಶೇ 1.16. ಸರ್ಕಾರಿ ನೌಕರರು ತಮ್ಮ ಸಂಬಳದಿಂದ ಶೇ 10 ಪಿಂಚಣಿಗೇ ಕಟ್ಟುತ್ತಾರೆ, ಇಪಿಎಸ್‌ನಲ್ಲಿ ಕಾರ್ಮಿಕನ ಶೇ 12 ಪೂರ್ತಿ ಪಿಎಫ್‌ಗೆ ಹೋಗುತ್ತದೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ತಿಂಗಳಿಗೆ ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ 1,424 ರೂಪಾಯಿ ಸೇರುವ ನಿಧಿಯಿಂದಲೇ ಎಲ್ಲರಿಗೂ 7,500 ಕೊಡಲು ಆಗದು ಎಂಬುದೂ ನಿಜ. ಬಜೆಟ್‌ನಿಂದ ಹಣ ಬರಬೇಕು. ಎಷ್ಟು ಎಂಬ ಚರ್ಚೆ ಮುಗಿಯುವವರೆಗೂ ಒಂದು ಕೆಲಸವನ್ನಂತೂ ಮಾಡಬಹುದು: ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕನಿಷ್ಠ ಪಿಂಚಣಿಯನ್ನು ಕಟ್ಟಿ, 2014ರಿಂದ ಲೆಕ್ಕ ಹಾಕಿ ಕೊಡಿ. ಅದೇ ಸೂಚ್ಯಂಕದ ಮೇಲೆ ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆರಡು ಬಾರಿ ಏರುತ್ತದೆ. ವೇತನ ಮಿತಿಯನ್ನೂ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹೋರಾಟದ ಬಿಸಿಗೆ ಏರಿಸುವ ಬದಲು ಕನಿಷ್ಠ ವೇತನದ ಜೊತೆಗೇ ಏರುವಂತೆ ಮಾಡಿ.

10-ಸಿ ಪರದೆಯ ನಾಲ್ಕು ಸಾಲಿಗೆ ಕಾಯ್ದೆ ತಿದ್ದುಪಡಿ ಬೇಡ, ಬಜೆಟ್ ಬೇಡ, ಸಮಿತಿಯೂ ಬೇಡ. ಭವಿಷ್ಯ ನಿಧಿ ಸಂಸ್ಥೆ ಮನಸ್ಸು ಮಾಡಿದರೆ ಆಗುವ ಕೆಲಸ. ಕೇಂದ್ರೀಯ ಟ್ರಸ್ಟಿಗಳ ಮಂಡಳಿಯಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಗಳಿದ್ದಾರೆ, ರಾಜ್ಯ ಸರ್ಕಾರಗಳ ಪ್ರತಿನಿಧಿಗಳಿದ್ದಾರೆ. ಮುಂದಿನ ಸಭೆಯಲ್ಲಿ ಅವರು ಇದನ್ನು ಕೇಳಲಿ.

ಇಂತಿ,
ತಮ್ಮ ಓದುಗ